ಹಲ್ಲರ್ ಧೂಳನ್ನು ಹುಟ್ಟಿದ ಜಾಗದಲ್ಲೇ ಹಿಡಿದಿದ್ದು

ಕುಶಾಲನಗರದ ಕಡೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೆಷಿನ್‌ಗಳ ಜವಾಬ್ದಾರಿ ನನ್ನದು. ತೋಟಗಳಿಂದ ಒಣಗಿದ ಚೆರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಬರಲು ಶುರುವಾದರೆ ಮಳೆ ಹಿಡಿಯುವವರೆಗೂ ಸಿಪ್ಪೆ ಬಿಡಿಸುವ ಹಲ್ಲರ್‌ಗೆ ಬಿಡುವಿಲ್ಲ. ರೊಬಸ್ಟಾ ಚೆರಿ 50 ಕೆಜಿ ಮೂಟೆ ಒಡೆದರೆ ಸಿಗುವ ಬೀಜ ಸುಮಾರು 26-27 ಕೆಜಿ. ಬೆಳೆಗಾರರು ಓಟಿ (ಔಟ್ ಟರ್ನ್) ಎಂದು ಲೆಕ್ಕ ಹಾಕುವುದು ಇದನ್ನೇ. ಮಿಕ್ಕಿದ್ದೆಲ್ಲ ಸಿಪ್ಪೆ, ಹೊಟ್ಟು, ಪುಡಿ. ದಪ್ಪ ಹೊಟ್ಟಿನಿಂದ ತೊಂದರೆ ಇಲ್ಲ, ಚೀಲಕ್ಕೆ ತುಂಬಿದರೆ ಬಾಯ್ಲರ್‌ಗೆ ಹೋಗುತ್ತದೆ. ಕಾಟ ಕೊಡುವುದು ಅದರ ಜೊತೆ ಏಳುವ ನುಣ್ಣನೆಯ ಧೂಳು.

ಈ ಧೂಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಸಿರು ಕಾಫಿ ಬೀಜದ ಧೂಳಿನಿಂದ ಅಲರ್ಜಿ ಬರುತ್ತದೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಆಸ್ತಮಾ ಕೂಡ ಬರಬಹುದು. ಇದು ಡಾಕ್ಟರುಗಳಿಗೆ ಬಹಳ ಹಿಂದೆಯೇ ಗೊತ್ತಿರುವ ವಿಷಯ. ನಮ್ಮಲ್ಲಿ ಸೀಸನ್ ಬಂತೆಂದರೆ ಕೆಲವರಿಗೆ ಕಣ್ಣು ಕೆಂಪಾಗುತ್ತಿತ್ತು, ಸೀನು ನಿಲ್ಲುತ್ತಿರಲಿಲ್ಲ. ಗಾರ್ಬ್ಲಿಂಗ್, ಅಂದರೆ ಕೈಯಲ್ಲಿ ಬೀಜ ಆರಿಸುವ ಕೆಲಸ, ಮಾಡುವ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡೇ ಕೂರುತ್ತಿದ್ದರು. "ಸಾರ್, ರಾತ್ರಿ ಮಲಗಿದ ಮೇಲೂ ಎದೆ ಕುಂಯ್ ಅನ್ನುತ್ತೆ" ಎಂದು ಅವರಲ್ಲೊಬ್ಬರು ಹೇಳಿದ್ದು ನನ್ನ ತಲೆಯಿಂದ ಹೋಗಲಿಲ್ಲ. ಹೊರಗಡೆಯ ಕಥೆಯೂ ಅಷ್ಟೇ. ಚಾವಣಿಯ ಮೇಲಿನ ಸೈಕ್ಲೋನ್‌ನಿಂದ (ಗಾಳಿಯನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಸಾಧನ) ಕಂದು ಪುಡಿ ಹಾರಿ ಪಕ್ಕದ ಮನೆಯವರು ಅಂಗಳದಲ್ಲಿ ಒಣಗಲು ಹಾಕಿದ ಕರಿಮೆಣಸಿನ ಮೇಲೆ ಬೀಳುತ್ತಿತ್ತು. ಗಾಳಿ ಆ ಕಡೆ ತಿರುಗಿದ ದಿನ ಅವರು ಗೇಟಿಗೆ ಬರುತ್ತಿದ್ದರು. ಬರಲೇಬೇಕಲ್ವಾ, ವರ್ಷದ ದುಡಿಮೆ ಅದು.

ಕೊನೆಗೆ ಬಟ್ಟೆಯ ಚೀಲಗಳಲ್ಲಿ ಗಾಳಿ ಸೋಸುವ ಬ್ಯಾಗ್ ಫಿಲ್ಟರ್ ಹಾಕಿಸೋಣ ಎಂದು ಯಜಮಾನರು ಒಪ್ಪಿದರು. ಕೊಟೇಶನ್ ಕೊಡಲು ಬಂದವರು ಹಲ್ಲರ್ ಎಷ್ಟು ಎಚ್‌ಪಿ ಎಂದು ಕೇಳಿದರು, ಬೆಲೆ ಬರೆದರು. ಧೂಳು ಎಲ್ಲೆಲ್ಲಿ ಏಳುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಅದು ಸರಿಬರಲಿಲ್ಲ. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಧೂಳು ಅದರ ಬಾಯಿಗೆ ಹೋಗಿ ಸೇರಿದರೆ ತಾನೇ ಹಿಡಿಯುವುದು? ಮೊದಲು ಧೂಳನ್ನು ಎಳೆದುಕೊಳ್ಳುವ ಬಾಯಿ, ಅಂದರೆ ಹುಡ್, ಸರಿಮಾಡೋಣ, ಆಮೇಲೆ ಗಾಳಿ ಸಾಗುವ ಪೈಪು, ಅಂದರೆ ಡಕ್ಟ್, ಆಮೇಲೆ ಈಗಿರುವ ಸೈಕ್ಲೋನ್, ಫಿಲ್ಟರ್ ಕೊನೆಗೆ ಇರಲಿ ಎಂದೆ. ಯಜಮಾನರು "ಸರಿ, ನೋಡಪ್ಪ" ಎಂದರು.

ಹುಡ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಉರಿಯುವ ದೀಪವನ್ನು ಮೊಳದಷ್ಟು ದೂರದಿಂದ ಊದಿ ಆರಿಸಬಹುದು, ಆದರೆ ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಲು ಆಗುತ್ತಾ? ಫ್ಯಾನಿನ ಕಥೆಯೂ ಇದೇ. ಊದುವ ಗಾಳಿ ಪೈಪಿನ ಬಾಯಿಯ ವ್ಯಾಸದ 30 ಪಟ್ಟು ದೂರದಲ್ಲೂ ಹತ್ತರಲ್ಲೊಂದು ಪಾಲು ವೇಗ ಉಳಿಸಿಕೊಂಡಿರುತ್ತದೆ. ಎಳೆಯುವ ಗಾಳಿ ಒಂದೇ ಒಂದು ವ್ಯಾಸದಷ್ಟು ದೂರಕ್ಕೆ ಹತ್ತರಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ. ಅಂದರೆ 200 ಮಿಲಿಮೀಟರ್ ಪೈಪಿನ ಬಾಯಿಯಿಂದ ಒಂದು ಗೇಣು ಆಚೆ ಇರುವ ಧೂಳಿಗೆ ಆ ಫ್ಯಾನು ಇದ್ದೂ ಇಲ್ಲದ ಹಾಗೆ.

ನಮ್ಮಲ್ಲಿ ಅತಿ ಹೆಚ್ಚು ಧೂಳು ಏಳುತ್ತಿದ್ದದ್ದು ಹಲ್ಲರ್ ಹತ್ತಿರ ಅಲ್ಲ, ಮೂಟೆ ಸುರಿಯುವ ಗುಂಡಿಯ ಹತ್ತಿರ. ಚೆರಿ ದಬದಬ ಬಿದ್ದಾಗ ಗುಂಡಿಯೊಳಗಿದ್ದ ಗಾಳಿ ಅಷ್ಟೇ ಜೋರಾಗಿ ಮೇಲೆ ನುಗ್ಗುತ್ತದೆ, ಧೂಳನ್ನೂ ಹೊತ್ತು ತರುತ್ತದೆ. ಹಳೆಯ ಹುಡ್ ಆಳಿನ ತಲೆಗಿಂತ ಮೇಲೆ ತೂಗುಹಾಕಿತ್ತು. ಧೂಳು ಅದನ್ನು ಮುಟ್ಟಬೇಕಾದರೆ ಮೊದಲು ಮೂಟೆ ಸುರಿಯುವವರ ಮುಖವನ್ನು ದಾಟಬೇಕು. ಆ ಹುಡ್ ಬಿಚ್ಚಿಸಿದೆ. ಗುಂಡಿಯ ಹಿಂಬದಿಯ ಅಂಚಿನಲ್ಲಿ, ಜಾಲರಿಯ ಮಟ್ಟಕ್ಕೇ, ಉದ್ದಕ್ಕೆ ಒಂದು ಸೀಳು ಬಿಡಿಸಿ ಅಲ್ಲಿಂದ ಎಳೆಯುವ ಹಾಗೆ ಮಾಡಿದೆವು. ಎರಡೂ ಪಕ್ಕಕ್ಕೆ ಜಿಐ ಶೀಟ್ ನಿಲ್ಲಿಸಿದೆವು. ಮುಂದೆ ಮೂಟೆ ಹಾಕುವಷ್ಟು ಜಾಗ ಬಿಟ್ಟು ರಬ್ಬರ್ ಪಟ್ಟಿಗಳ ಪರದೆ ಇಳಿಬಿಟ್ಟೆವು. ಬಾಯಿ ಚಿಕ್ಕದಾದಷ್ಟೂ ಅದೇ ಗಾಳಿಗೆ ಎಳೆಯುವ ಬಲ ಜಾಸ್ತಿ.

ಪರೀಕ್ಷೆಗೆ ನಾನು ಬಳಸಿದ್ದು ಊದುಬತ್ತಿ. ಬತ್ತಿ ಹಚ್ಚಿ ಗುಂಡಿಯ ಅಂಚಿನ ಉದ್ದಕ್ಕೂ ಹಿಡಿದು ಹೋಗುವುದು. ಹೊಗೆ ನೇರ ಸೀಳಿನ ಒಳಗೆ ಮಲಗಿಕೊಂಡು ಹೋದರೆ ಆ ಜಾಗ ಸರಿಯಿದೆ. ನೆಟ್ಟಗೆ ಎದ್ದರೆ ಅಲ್ಲಿ ಎಳೆತ ಸಾಲದು. ಎಡಮೂಲೆಯಲ್ಲಿ ಹೊಗೆ ಹಿಂದಕ್ಕೆ ತಿರುಗುತ್ತಿತ್ತು. ಹಲ್ಲರ್ ನೋಡಿಕೊಳ್ಳುವ ಅಣ್ಣ ಕಾರಣ ಹಿಡಿದರು: "ಬಾಗಿಲಿಂದ ಗಾಳಿ ಬೀಸ್ತಾ ಇದೆ ನೋಡಿ ಸಾರ್." ರೋಲಿಂಗ್ ಶಟರ್ ಅರ್ಧ ಇಳಿಸಿದ ಕೂಡಲೇ ಹೊಗೆ ಒಳಗೆ ಹರಿಯಿತು. ಅವತ್ತಿನಿಂದ ಸುರಿಯುವ ಹೊತ್ತಿನಲ್ಲಿ ಆ ಶಟರ್ ಅರ್ಧಕ್ಕೇ ಇರಬೇಕೆಂದು ನಿಯಮ ಮಾಡಿದೆವು. ಕಾಫಿಯನ್ನು ಮೇಲೆತ್ತುವ ಎಲಿವೇಟರ್‌ನ ಬುಡ ಮತ್ತು ತಲೆ, ಗಾಳಿಯಿಂದ ಹಗುರ ಬೀಜ ಬೇರ್ಪಡಿಸುವ ಕೆಟಡಾರ್, ಪಾಲಿಶರ್, ಹೊಟ್ಟು ತುಂಬುವ ಬಾಯಿ, ಹೀಗೆ ಒಂದೊಂದನ್ನೂ ಇದೇ ರೀತಿ ಮುಚ್ಚುತ್ತಾ, ಊದುಬತ್ತಿ ಹಿಡಿಯುತ್ತಾ ಹೋದೆವು.

ಡಕ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಟ್ಟು ಹೊತ್ತ ಗಾಳಿ ಸೆಕೆಂಡಿಗೆ 18-20 ಮೀಟರ್ ವೇಗದಲ್ಲಿ ಓಡುತ್ತಿರಬೇಕು, ಕಡಿಮೆಯಾದರೆ ಅಡ್ಡ ಪೈಪಿನಲ್ಲಿ ಧೂಳು ಕೂರುತ್ತದೆ. ಕೂತ ಧೂಳು ಮಳೆಗಾಲದಲ್ಲಿ ತೇವ ಹಿಡಿದು ಬೂಷ್ಟಾಗಿ ಗಟ್ಟಿಯಾಗುತ್ತದೆ. ಕವಲು ಪೈಪನ್ನು ಮುಖ್ಯ ಪೈಪಿಗೆ ನೇರ ಅಡ್ಡಕ್ಕೆ ಚುಚ್ಚಬಾರದು, 30 ಡಿಗ್ರಿಯಲ್ಲಿ ಓರೆಯಾಗಿ ಸೇರಿಸಬೇಕು. ಎಳೆತ ಸಾಲದು ಎಂದಾಗ ಪುಲ್ಲಿ ಬದಲಿಸಿ ಫ್ಯಾನಿನ ವೇಗ ಏರಿಸೋಣ ಎನ್ನುವವರು ತುಂಬಾ ಜನ. ವೇಗ 10% ಏರಿಸಿದರೆ ಗಾಳಿ ಸಿಗುವುದು 10% ಮಾತ್ರ, ಮೋಟಾರಿನ ಮೇಲಿನ ಹೊರೆ 33% ಏರುತ್ತದೆ. ಕರೆಂಟ್ ಬಿಲ್ ಕಟ್ಟುವವರಿಗೆ ಈ ಲೆಕ್ಕ ಒಂದು ಸಲ ತೋರಿಸಿದರೆ ಸಾಕು.

ಇನ್ನು ಸೈಕ್ಲೋನ್. ಅದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಗಾಳಿ ಪಕ್ಕದಿಂದ ನುಗ್ಗಿ ಗೋಡೆಗುಂಟ ಸುತ್ತುತ್ತಾ ಇಳಿಯುತ್ತದೆ, ಧೂಳು ಗೋಡೆಗೆ ಬಡಿದು ಕೆಳಗೆ ಜಾರುತ್ತದೆ, ಶುದ್ಧವಾದ ಗಾಳಿ ನಡುವಿನಿಂದ ಮೇಲೇರಿ ಹೊರಗೆ ಹೋಗುತ್ತದೆ. 10 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ದಪ್ಪ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, 5ಕ್ಕಿಂತ ಸಣ್ಣದು ಬಹುಪಾಲು ತಪ್ಪಿಸಿಕೊಳ್ಳುತ್ತದೆ. ಪಕ್ಕದ ಮನೆಯ ಮೆಣಸಿನ ಮೇಲೆ ಬೀಳುತ್ತಿದ್ದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ್ದೆ. ತರಿತರಿಯಾಗಿತ್ತು. ಅಷ್ಟು ದಪ್ಪದ್ದು ಸೈಕ್ಲೋನ್ ದಾಟಿ ಬರಬಾರದು. ಹಾಗಾಗಿ ಕೆಳಗೆ ಹೋಗಿ ನೋಡಿದೆ.

ಸೈಕ್ಲೋನ್ ಕೊಳವೆಯ ತುದಿಗೆ ಗೋಣಿಚೀಲವನ್ನು ಹಗ್ಗದಿಂದ ಕಟ್ಟಿದ್ದರು, ಸುಮ್ನೆ ಒಂದು ಸುತ್ತು. ಒಂದು ಪ್ಲಾಸ್ಟಿಕ್ ಕವರ್ ಹತ್ತಿರ ಹಿಡಿದೆ. ಪಟಕ್ಕೆಂದು ಒಳಕ್ಕೆ ಎಳೆದುಕೊಂಡಿತು. ನಮ್ಮ ಸೈಕ್ಲೋನ್ ಫ್ಯಾನಿಗಿಂತ ಮುಂಚೆ ಇದೆ, ಅದರೊಳಗೆ ಹೊರಗಿಗಿಂತ ಒತ್ತಡ ಕಡಿಮೆ, ಅದರಲ್ಲೂ ಕೆಳತುದಿಯ ನಡುಭಾಗದಲ್ಲಿ ಬಹಳ ಕಡಿಮೆ. ಅಲ್ಲೊಂದು ಸಂದು ಇದ್ದರೆ ಹೊರಗಿನ ಗಾಳಿ ಒಳಗೆ ಹಾರಿ, ಆಗಲೇ ಕೆಳಗೆ ಕೂತ ಧೂಳನ್ನೆಲ್ಲ ಎಬ್ಬಿಸಿಕೊಂಡು ಮೇಲಿನ ದಾರಿಯಿಂದ ಹೊರಟುಹೋಗುತ್ತದೆ. ಚೀಲ ಕಿತ್ತು ರೋಟರಿ ವಾಲ್ವ್ ಹಾಕಿಸಿದೆವು. ಅದರ ರೆಕ್ಕೆಗಳ ತುದಿಗೆ ರಬ್ಬರ್ ಇದೆ, ಹೊಟ್ಟು ಇಳಿಯುತ್ತದೆ, ಗಾಳಿ ನುಗ್ಗುವುದಿಲ್ಲ. ಫಿಲ್ಟರಿನ ಬೆಲೆಯ ಎದುರು ಇದರ ಖರ್ಚು ಏನೇನೂ ಅಲ್ಲ. ಅದೇ ವಾರ ಮೆಣಸಿನ ಮೇಲೆ ಬೀಳುವ ತರಿ ಪುಡಿ ನಿಂತಿತು.

ನಿಲ್ಲದೆ ಉಳಿದದ್ದು ನುಣ್ಣನೆಯದು, ಬಿಸಿಲುಕೋಲಿನಲ್ಲಿ ಮಾತ್ರ ಕಾಣುವಂಥದ್ದು. ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಅದೇ. ಅದಕ್ಕೆ ಬ್ಯಾಗ್ ಫಿಲ್ಟರ್ ಬೇಕೇ ಬೇಕು. ಈಗ ಲೆಕ್ಕ ಸುಲಭವಾಗಿತ್ತು. ಎಲ್ಲ ಹುಡ್‌ಗಳ ಗಾಳಿ ಕೂಡಿಸಿದರೆ ಗಂಟೆಗೆ 6,000 ಘನ ಮೀಟರ್, ಅಂದರೆ ನಿಮಿಷಕ್ಕೆ 100. ಹೊಟ್ಟಿನ ಧೂಳು ಹಗುರ, ಬಟ್ಟೆಗೆ ಅಂಟಿಕೊಳ್ಳುವಂಥದ್ದು. ಹಾಗಾಗಿ ಒಂದು ಚದರ ಮೀಟರ್ ಬಟ್ಟೆಯಲ್ಲಿ ನಿಮಿಷಕ್ಕೆ 1.2 ಘನ ಮೀಟರ್‌ಗಿಂತ ಹೆಚ್ಚು ಗಾಳಿ ಹಾಯಬಾರದು ಎಂದು ಪಟ್ಟು ಹಿಡಿದೆ. 150 ಮಿಲಿಮೀಟರ್ ವ್ಯಾಸ, 2.5 ಮೀಟರ್ ಉದ್ದದ ಒಂದು ಚೀಲಕ್ಕೆ ಸುಮಾರು 1.18 ಚದರ ಮೀಟರ್ ಬಟ್ಟೆ ಬರುತ್ತದೆ. ಹಾಗೆ 72 ಚೀಲ. ಒಬ್ಬರು ಇದರ ಅರ್ಧದಷ್ಟು ಚೀಲದಲ್ಲೇ ಮುಗಿಸಿಕೊಡುತ್ತೇನೆ ಎಂದಿದ್ದರು. ಕಡಿಮೆ ಬಟ್ಟೆಯಲ್ಲಿ ಜಾಸ್ತಿ ಗಾಳಿ ತೂರಿಸಿದರೆ ಧೂಳು ನೂಲಿನ ಒಳಗೇ ಹೊಕ್ಕು ಕೂರುತ್ತದೆ, ಒಂದು ಸೀಸನ್‌ಗೇ ಚೀಲ ಕಟ್ಟಿಕೊಳ್ಳುತ್ತದೆ. ಇದರಲ್ಲಿ ಮಾತ್ರ ಯಾರೂ ರಾಜಿಯಾಗಬೇಡಿ.

ಚೀಲಗಳನ್ನು ಕೊಡವಲು 5-6 ಬಾರ್ ಒತ್ತಡದ ಗಾಳಿಯ ಹೊಡೆತ ಕೊಡುತ್ತೇವೆ. ಯಾವಾಗ ಕೊಡಬೇಕೆಂದು ಹೇಳುವುದು ಮ್ಯಾನೋಮೀಟರ್. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಬಿಗಿದು, ಪಕ್ಕದಲ್ಲಿ ಸ್ಕೇಲ್ ಅಂಟಿಸಿ, ಬಣ್ಣದ ನೀರು ತುಂಬಿದೆ. ಒಂದು ತುದಿ ಚೀಲಗಳ ಮುಂಚೆ, ಇನ್ನೊಂದು ಆಮೇಲೆ. ಎರಡು ಮಟ್ಟಗಳ ನಡುವಿನ ಅಂತರ 80-120 ಮಿಲಿಮೀಟರ್ ಇದ್ದರೆ ನೆಮ್ಮದಿ. 150 ದಾಟಿದರೆ ಚೀಲ ಕಟ್ಟುತ್ತಿದೆ ಎಂದರ್ಥ. ತಟ್ಟನೆ ಇಳಿದರೆ ಎಲ್ಲೋ ಚೀಲ ಹರಿದಿದೆ. ಶಿಫ್ಟಿಗೊಮ್ಮೆ ಹಲ್ಲರ್ ಅಣ್ಣನೇ ಓದಿ ಪುಸ್ತಕದಲ್ಲಿ ಬರೆಯುತ್ತಾರೆ. ಡಿಜಿಟಲ್ ಮೀಟರ್ ಕೂಡ ಇದೆ, ಆದರೆ ಅವರಿಗೆ ನಂಬಿಕೆ ಬಣ್ಣದ ನೀರಿನ ಮೇಲೆ. ನನಗೂ ಅಷ್ಟೇ.

ಕೊಡಗಿನಲ್ಲಿ ಬ್ಯಾಗ್ ಫಿಲ್ಟರಿನ ದೊಡ್ಡ ಶತ್ರು ತೇವ. ಬಯಲುಸೀಮೆಯ ಫ್ಯಾಕ್ಟರಿಯ ಪಾಠ ಇಲ್ಲಿಗೆ ಹಾಗೆಹಾಗೇ ಹೊಂದುವುದಿಲ್ಲ. ಹೊಡೆತ ಕೊಡುವ ಗಾಳಿಯಲ್ಲೇ ಕಂಪ್ರೆಸರ್‌ನ ನೀರು ಬಂದರೆ ಒಳಗಿನ ಧೂಳು ಕೆಸರಾಗುತ್ತದೆ. ಅದಕ್ಕೆ ಏರ್ ಡ್ರೈಯರ್ ಹಾಕಿಸಿದ್ದೇವೆ, ಬೆಳಗ್ಗೆ ಶುರುಮಾಡುವ ಮುಂಚೆ ಟ್ಯಾಂಕಿನ ನೀರು ಬಿಡುತ್ತೇವೆ. ಸಂಜೆ ಹಲ್ಲರ್ ನಿಂತ ಮೇಲೂ ಫ್ಯಾನು, ಹೊಡೆತ ಎರಡನ್ನೂ ಹತ್ತು ಹದಿನೈದು ನಿಮಿಷ ಓಡಿಸುತ್ತೇವೆ. ಚೀಲದ ಮೇಲೆ ಧೂಳು ಉಳಿದು ರಾತ್ರಿಯ ಥಂಡಿಗೆ ಸಿಕ್ಕರೆ ಬೆಳಗ್ಗೆ ಅದು ರೊಟ್ಟಿಗಟ್ಟಿರುತ್ತದೆ. ಸೀಸನ್ ಮುಗಿದ ಕೂಡಲೇ, ಜೂನ್ ಮಳೆಗೆ ಮುಂಚೆಯೇ, ಚೀಲಗಳನ್ನು ಬಿಚ್ಚಿ ಕೊಡವಿ ಒಣಗಿದ ಜಾಗದಲ್ಲಿ ಇಡುತ್ತೇವೆ.

ಬೆಂಕಿಯ ಮಾತನ್ನು ಬಿಡುವಂತಿಲ್ಲ. ಒಣ ಹೊಟ್ಟಿನ ಧೂಳು ಗಾಳಿಯಲ್ಲಿ ದಟ್ಟವಾಗಿ ಬೆರೆತಾಗ ಒಂದು ಕಿಡಿ ಬಿದ್ದರೆ ಸ್ಫೋಟವೇ ಆಗಬಹುದು. ಆದ್ದರಿಂದ ಹಲ್ಲರ್‌ಗೆ ಮುಂಚೆ ಕಲ್ಲು ತೆಗೆಯುವ ಡಿಸ್ಟೋನರ್, ಮೊಳೆ-ಬೋಲ್ಟ್ ಹಿಡಿಯುವ ಮ್ಯಾಗ್ನೆಟ್ ಎರಡೂ ಬೇಕು. ಡಕ್ಟಿನ ತುಂಡುಗಳು ಕೂಡುವ ಪ್ರತಿ ಫ್ಲೇಂಜಿಗೂ ತಾಮ್ರದ ಪಟ್ಟಿ ಬಿಗಿದು ಅರ್ತ್ ಮಾಡಿದ್ದೇವೆ. ಚೀಲದ ಬಟ್ಟೆಯೂ ಆಂಟಿ ಸ್ಟಾಟಿಕ್ ಜಾತಿಯದು. ಫಿಲ್ಟರ್ ಪೆಟ್ಟಿಗೆಗೆ ಸ್ಫೋಟದ ಒತ್ತಡ ಹೊರಹೋಗುವ ಬಾಗಿಲಿದೆ, ಜನ ಓಡಾಡದ ಕಡೆಗೆ ಅದರ ಮುಖ. ಡಕ್ಟ್ ಪೂರ್ತಿ ಸ್ವಚ್ಛವಾಗದೆ ಅದರ ಹತ್ತಿರ ವೆಲ್ಡಿಂಗ್‌ಗೆ ನಾನು ಬಿಡುವುದಿಲ್ಲ, ಎಷ್ಟೇ ಅವಸರವಿರಲಿ.

ಕಾಫಿ ಒಣಗಿಸುವ ಡ್ರೈಯರ್‌ನ ಒಲೆಯ ಹೊಗೆ ಬೇರೆಯದೇ ಸಮಸ್ಯೆ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದರೆ ಕಣದಲ್ಲಿ ಕಾಫಿ ಒಣಗುವುದಿಲ್ಲ, ಆಗ ಡ್ರೈಯರ್ ಹಚ್ಚಲೇಬೇಕು. ಅದರ ಹೊಗೆಯ ಕಣಗಳು ಹೆಚ್ಚಿನವು ಒಂದು ಮೈಕ್ರಾನ್‌ಗಿಂತ ಚಿಕ್ಕವು. ಸೈಕ್ಲೋನ್ ಅವುಗಳ ಹತ್ತಿರವೂ ಸುಳಿಯಲಾರದು. ಬ್ಯಾಗ್ ಫಿಲ್ಟರಿಗೆ ಕಳಿಸಿದರೆ ಕಿಡಿಗೆ ಪಾಲಿಯೆಸ್ಟರ್ ಚೀಲ ಉಳಿಯುವುದಿಲ್ಲ. ಇಲ್ಲಿ ಹಿಡಿಯುವುದಕ್ಕಿಂತ ಹುಟ್ಟದ ಹಾಗೆ ನೋಡಿಕೊಳ್ಳುವುದೇ ದಾರಿ. ಒದ್ದೆ ಸೌದೆ, ಒದ್ದೆ ಹೊಟ್ಟು ಒಲೆಗೆ ಹಾಕಬಾರದು. ಜ್ವಾಲೆಯ ಮೇಲ್ಭಾಗಕ್ಕೆ ಬೇರೆಯಾಗಿ ಇನ್ನೊಂದಿಷ್ಟು ಗಾಳಿ ಕೊಡಬೇಕು. ಒಮ್ಮೆಲೇ ತುಂಬದೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಿರಬೇಕು. ಇಷ್ಟು ಮಾಡಿದ ಮೇಲೆ ನಮ್ಮ ಚಿಮಣಿಯ ಕಪ್ಪು ಹೊಗೆ ಹಚ್ಚುವಾಗಿನ ಸ್ವಲ್ಪ ಹೊತ್ತಿಗೆ ಇಳಿದಿದೆ.

ಫಿಲ್ಟರಿನ ಚಿಮಣಿಯನ್ನು ಲ್ಯಾಬಿನವರಿಂದ ಅಳೆಸಿದೆವು. ತೂತು ಎಲ್ಲಿ ಕೊರೆಯಬೇಕೆಂದು ಮೊದಲೇ ಯೋಚಿಸಿ. ಬೆಂಡಿನಿಂದ ಎಂಟು ವ್ಯಾಸದಷ್ಟು ನೇರ ಪೈಪು ಹಾದ ಮೇಲೆ, ತುದಿಗೆ ಇನ್ನೂ ಎರಡು ವ್ಯಾಸ ಇರುವಾಗ ಅಳೆದರೆ ಲೆಕ್ಕ ನಂಬುವಂತಿರುತ್ತದೆ. ಚಿಮಣಿ ಧೂಳಿಗೆ ದೇಶದ ಸಾಮಾನ್ಯ ಮಿತಿ ಒಂದು ಘನ ಮೀಟರ್‌ಗೆ 150 ಮಿಲಿಗ್ರಾಂ. ನಮ್ಮದು ಅದಕ್ಕಿಂತ ಬಹಳ ಕೆಳಗೆ ಬಂತು. ಆದರೆ ನನಗೆ ಆ ಕಾಗದಕ್ಕಿಂತ ಮುಖ್ಯವಾದದ್ದು ಶೆಡ್ಡಿನ ಒಳಗಿನ ಗಾಳಿ. ಗಾರ್ಬ್ಲಿಂಗ್ ಹಾಲ್‌ನಲ್ಲಿ ಈಗ ಸೆರಗು ಮೂಗಿನಿಂದ ಇಳಿದಿದೆ. ಎದೆ ಕುಂಯ್ ಅನ್ನುತ್ತೆ ಎಂದಿದ್ದ ಅಕ್ಕನನ್ನು ಮಾತ್ರ ಪ್ಯಾಕಿಂಗ್ ಕಡೆಗೆ ಹಾಕಿದ್ದೇವೆ. ಅಲರ್ಜಿ ಒಮ್ಮೆ ಹತ್ತಿದವರಿಗೆ ಸ್ವಲ್ಪ ಧೂಳೂ ಸಾಕಾಗುತ್ತದೆ.

ಉಳಿದಿರುವ ಕೆಲಸ ಹೊಟ್ಟಿನ ಗೋಡೌನ್‌ನದು. ಲಾರಿಗೆ ಹೊಟ್ಟು ತುಂಬುವಾಗ ಈಗಲೂ ಧೂಳು ಏಳುತ್ತದೆ. ಮೇಲಿನಿಂದ ಸುರಿಯುವುದನ್ನು ನಿಲ್ಲಿಸಿ, ಲಾರಿಯ ಒಳಗಿನವರೆಗೂ ಇಳಿಯುವ ಬಟ್ಟೆಯ ಕೊಳವೆ ಹಾಕಿ, ಅದರ ಸುತ್ತಲಿಂದಲೇ ಗಾಳಿ ಎಳೆಯುವ ಯೋಚನೆ ಇದೆ. ಮುಖ್ಯ ಡಕ್ಟಿನಲ್ಲಿ ಅದಕ್ಕಾಗಿ ಒಂದು ಕವಲು ಬಿಟ್ಟು, ಗಾಳಿ ತಡೆಯುವ ಡ್ಯಾಂಪರ್ ಮುಚ್ಚಿಟ್ಟಿದ್ದೇನೆ. ಮುಂದಿನ ಸೀಸನ್‌ಗೆ ಮುಂಚೆ ಜೋಡಿಸುತ್ತೇವೆ.