ವಿಭಾಗದ ವಾರ್ಷಿಕೋತ್ಸವಕ್ಕೆ ಊರಿನ ಮಾತನ್ನು ಕರೆದದ್ದು

ನಮ್ಮ ಭಾಷಾವಿಜ್ಞಾನ ವಿಭಾಗದ ವಾರ್ಷಿಕೋತ್ಸವವನ್ನು ಈ ಸಲ ಧಾರವಾಡದ ಸಾರ್ವಜನಿಕರಿಗೂ ತೆರೆದಿಡಬೇಕೆಂದು ತೀರ್ಮಾನವಾದಾಗ ಪ್ರದರ್ಶನದ ಹೊಣೆ ನನ್ನ ಪಾಲಿಗೆ ಬಂದಿತು. ಉದ್ಘಾಟನೆ, ಸನ್ಮಾನ, ಭಾಷಣಗಳು ಎಂದಿನಂತೆ ನಡೆದವು. ನಾನು ಬರೆಯಹೊರಟಿರುವುದು ಸಭಾಂಗಣದ ಹೊರಗೆ ಇಟ್ಟಿದ್ದ ಎರಡು ಮೇಜುಗಳ ಬಗ್ಗೆ.

ಮೊದಲ ಮೇಜಿನ ಹಿಂದೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ದೊಡ್ಡ ನಕಾಶೆಯನ್ನು ತೂಗುಹಾಕಿ, ಮುಂದೆ ಚುರಮರಿ, ಶೇಂಗಾ, ಪೇರಲ, ಬಟಾಟಿ ಮತ್ತು ಒಂದು ಚಾವಿಯನ್ನು ಇಟ್ಟಿದ್ದೆವು. ಒಂದೇ ಭಾಷೆಯ ಮಾತು ಊರಿಂದೂರಿಗೆ ಹೇಗೆ ಬದಲಾಗುತ್ತದೆಂದು ತೋರಿಸುವುದು ಉದ್ದೇಶವಾಗಿತ್ತು, ಆದರೆ ಮೇಲೆ ಅದರ ಶಾಸ್ತ್ರೀಯ ಹೆಸರಾದ ‘ಉಪಭಾಷಾ ಭೂಗೋಳ’ ಎಂದು ಫಲಕ ಬರೆಸಿದ್ದು ತಪ್ಪಾಯಿತು. ಮೊದಲ ಒಂದು ಗಂಟೆ ಜನ ಅದನ್ನು ಓದಿ ಸುಮ್ಮನೆ ಮುಂದೆ ಸಾಗಿದರು. ಆಗ ಫಲಕವನ್ನು ತಿರುಗಿಸಿ ಹಿಂಬದಿಗೆ ‘ನಿಮ್ಮೂರಾಗ ಇದಕ್ಕ ಏನಂತಾರ?’ ಎಂದು ಬರೆದೆವು. ಸ್ವಲ್ಪ ಹೊತ್ತಿನಲ್ಲೇ, ಉತ್ತರ ಬರೆದು ನಕಾಶೆಗೆ ಅಂಟಿಸಲೆಂದು ಇಟ್ಟಿದ್ದ ಚೀಟಿಗಳು ಸಾಲದಾದವು. ಹುಬ್ಬಳ್ಳಿಯವರು ಚುರಮರಿ ಎಂದು ಬರೆದದ್ದನ್ನು ರಾಣೆಬೆನ್ನೂರಿನವರು ಮಂಡಕ್ಕಿ ಎಂದು ಬರೆದರು. ಮೈಸೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದವರೊಬ್ಬರು ಕಡ್ಲೆಪುರಿ ಎಂದರು. ಬಟಾಟಿ, ಪೇರಲ, ಚಾವಿ ಇವೆಲ್ಲ ಪೋರ್ತುಗೀಸ್ ಮೂಲದವು ಎಂದಾಗ ಹಲವರು ಬೆರಗಾದರು. ಗೋವೆ ನಮಗೆ ಹತ್ತಿರ, ಮರಾಠಿಯ ಒಡನಾಟ ಹಳೆಯದು, 1956ರವರೆಗೆ ಈ ಭಾಗ ಮುಂಬಯಿಯ ಆಡಳಿತದಲ್ಲಿತ್ತು ಎಂಬುದನ್ನು ನಕಾಶೆ ತೋರಿಸಿಯೇ ವಿವರಿಸಿದೆವು.

ನವಲಗುಂದ ಕಡೆಯ ಒಬ್ಬ ಅಜ್ಜಿ ಮಾತ್ರ ಚೀಟಿ ಮುಟ್ಟಲಿಲ್ಲ. “ನಾವು ಸಾಲಿ ಕಲತವರಲ್ರೀ, ನಮ್ಮದು ಸುದ್ದ ಕನ್ನಡ ಅಲ್ಲ, ಮನಿ ಅಂತೀವಿ” ಎಂದರು. “ತಲೆಗೆ ಏನಂತೀರಿ ಯವ್ವಾ?” ಎಂದು ಕೇಳಿದೆ. ತಲಿ ಎಂದರು. ಆಮೇಲೆ ನಾನು ಕೇಳುವ ಮೊದಲೇ ಮಳಿ, ಹೊಳಿ, ಎಲಿ ಎಂದು ಬೆರಳು ಮಡಚುತ್ತಾ ಎಣಿಸತೊಡಗಿದರು. ನಾಮಪದದ ಕೊನೆಯ ಎಕಾರವು ಇಕಾರವಾಗುವ ಈ ನಿಯಮವನ್ನು ಯಾರೂ ಅವರಿಗೆ ಕಲಿಸಿರಲಿಲ್ಲ, ಆದರೂ ಅವರ ಬಾಯಿಂದ ಒಂದು ಮಾತೂ ತಪ್ಪಿ ಬರಲಿಲ್ಲ. ಇದನ್ನು ಹೇಳಿದಾಗ ಅವರು ಮೊಮ್ಮಗಳ ಕಡೆ ತಿರುಗಿ, “ಕೇಳಿದೇನು? ಇದಕ್ಕೂ ನಿಯಮ ಐತಂತ” ಎಂದರು. ನಮ್ಮ ಭಾಗದವರು ತಮ್ಮ ಮಾತಿಗೆ ತಾವೇ ನಾಚಿಕೊಳ್ಳುವುದನ್ನು ಕಂಡು ಬಹಳ ವರ್ಷ ನೊಂದಿದ್ದೇನೆ. ಆ ದಿನದ ಶ್ರಮವೆಲ್ಲ ಆ ಒಂದು ಮಾತಿಗಾಗಿ ಸಾರ್ಥಕವೆನಿಸಿತು.

ಎರಡನೆಯ ಮೇಜಿನಲ್ಲಿ ವಿದ್ಯಾರ್ಥಿಗಳು ಪ್ರಾಟ್ ಎಂಬ ಉಚಿತ ತಂತ್ರಾಂಶದಿಂದ ಜನರ ಧ್ವನಿಯನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಕತಿ (ಅಂದರೆ ಕತೆ), ಕತ್ತಿ ಎಂಬ ಎರಡು ಪದಗಳನ್ನು ಆರಿಸಿಕೊಂಡಿದ್ದೆವು. ತಕಾರದಲ್ಲಿ ನಾಲಿಗೆ ಹಲ್ಲಿಗೆ ಒತ್ತಿ ಗಾಳಿ ತಡೆದು ನಿಂತ ಹೊತ್ತು ಪರದೆಯ ಮೇಲೆ ಖಾಲಿ ಪಟ್ಟಿಯಾಗಿ ಕಾಣುತ್ತದೆ. ಒತ್ತಕ್ಷರವಿದ್ದಾಗ ಆ ಪಟ್ಟಿ ಎದ್ದು ಕಾಣುವಷ್ಟು ಅಗಲವಾಗುತ್ತದೆ. ತಮ್ಮ ದನಿಯ ಚಿತ್ರ ನೋಡಲು ಹುಡುಗರು ಸಾಲುಗಟ್ಟಿದರು. ಆದರೆ ಧ್ವನಿವರ್ಧಕದ ಗದ್ದಲದಲ್ಲಿ ಆ ಖಾಲಿ ಜಾಗವೇ ಮುಚ್ಚಿಹೋಗುತ್ತಿದ್ದುದರಿಂದ ಮಧ್ಯಾಹ್ನ ಮೇಜನ್ನು ಒಳಗಿನ ಕೋಣೆಗೆ ಸಾಗಿಸಬೇಕಾಯಿತು.

ಚೀಟಿಗಳಲ್ಲಿ ಊರು, ವಯಸ್ಸು, ಮನೆಮಾತು ಕೇಳಿದ್ದೆವು, ತಾಲೂಕನ್ನು ಕೇಳಿರಲಿಲ್ಲ. ಹೊಸೂರು ಎಂಬ ಹೆಸರಿನ ಊರುಗಳು ಹಲವಿರುವುದರಿಂದ ಅಂಥ ಚೀಟಿಗಳನ್ನು ನಕಾಶೆಯಲ್ಲಿ ಎಲ್ಲಿ ಅಂಟಿಸಬೇಕೆಂದು ತಿಳಿಯದೆ ಬೇರೆ ಲಕೋಟೆಯಲ್ಲಿ ಇಟ್ಟಿದ್ದೇವೆ. ಮುಂದಿನ ಸಲದ ಚೀಟಿಯನ್ನು ಈಗಲೇ ಅಚ್ಚಿಗೆ ಕೊಟ್ಟಿದ್ದೇನೆ. ಊರಿನ ಕೆಳಗೆ ತಾಲೂಕಿಗೂ ಒಂದು ಗೆರೆ ಇದೆ.