ಸರ್ಟಿಫಿಕೇಟ್ ಇಲ್ಲದ ಬುಧವಾರದ ಮೇಜು

ಪಿಎಚ್‌ಡಿ ಹುಡುಗರಿಗೆ ಝೊಟೆರೊ (ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶ), ಶೋಧಗಂಗಾ (ಥೀಸಿಸ್‌ಗಳ ಆನ್‌ಲೈನ್ ಭಂಡಾರ) ಹುಡುಕಾಟ, ಪ್ಲೇಜಿಯರಿಸಂ (ಕೃತಿಚೌರ್ಯ) ರಿಪೋರ್ಟ್ ಇವನ್ನೆಲ್ಲ ಹೇಳಿಕೊಡುವ ಕೆಲಸ ಲೈಬ್ರರಿಯಲ್ಲಿ ನನ್ನ ತಲೆಗೇ ಬಂತು. ಮೊದಲು ಎಲ್ಲರಂತೆ ಮೂರು ದಿನದ ಕಾರ್ಯಾಗಾರ ಮಾಡಿದೆ. ಬ್ಯಾನರ್, ಬ್ಯಾಗು, ಸಂಪನ್ಮೂಲ ವ್ಯಕ್ತಿಗಳ ಟಿಎ-ಡಿಎ, ಊಟ ಸೇರಿ ಹತ್ತಿರ ಹತ್ತಿರ 45 ಸಾವಿರ ಆಯಿತು. ಅರವತ್ತು ಜನ ಹೆಸರು ಕೊಟ್ಟಿದ್ದರು. ಎರಡನೇ ದಿನ ಹೋಳಿಗೆ ಊಟ ಆದಮೇಲೆ ಹಾಲ್‌ನಲ್ಲಿ ಉಳಿದವರು ಇಪ್ಪತ್ತೋ ಇಪ್ಪತ್ತೆರಡೋ. ಸರ್ಟಿಫಿಕೇಟ್ ಕೊಡುವ ಸಮಾರೋಪಕ್ಕೆ ಮಾತ್ರ ಎಲ್ಲರೂ ಹಾಜರ್!

ಆಮೇಲೆ ವಿಡಿಯೊ ಮಾಡಿದೆ. ಸ್ವಂತ ದುಡ್ಡಲ್ಲಿ ಎಂಟು ಸಾವಿರದ ಮೈಕು ತಂದೆ. ಯಾರೂ ಎರಡು ನಿಮಿಷ ದಾಟಲಿಲ್ಲ. ಮೈಕು ಈಗ ಮಗಳ ಸಂಗೀತ ಪಾಠಕ್ಕೆ.

ಒಂದು ಸಂಜೆ ಅರ್ಥಶಾಸ್ತ್ರದ ಹುಡುಗಿಯೊಬ್ಬಳು ಮುಖ ಸಣ್ಣ ಮಾಡಿಕೊಂಡು ಬಂದಳು. ಥೀಸಿಸ್ ಕೊಡಲು ಒಂಬತ್ತು ದಿನ ಬಾಕಿ. ಕೈಯಲ್ಲೇ ಟೈಪ್ ಮಾಡಿದ ಸುಮಾರು 180 ಉಲ್ಲೇಖ. ಉಲ್ಲೇಖ ಬರೆಯುವ ಶೈಲಿ ಬಗ್ಗೆ ಗೈಡು 'ಎಂಎಲ್‌ಎ ಬೇಡ, ಎಪಿಎ ಮಾಡು' ಅಂದಿದ್ದರಂತೆ. ನನಗೆ ಪುರುಸೊತ್ತಿರಲಿಲ್ಲ. ಪೇಪರ್ ಓದುತ್ತಿದ್ದ ಸೀನಿಯರ್ ಒಬ್ಬನನ್ನು ಅವಳ ಪಕ್ಕ ಕೂರಿಸಿದೆ. ಡಿಒಐ (ಲೇಖನದ ಗುರುತು ಸಂಖ್ಯೆ) ಇದ್ದವನ್ನು ಹಾಗೇ ಝೊಟೆರೊಗೆ ಎಳೆದುಕೊಂಡರು, ಉಳಿದವನ್ನು ಕೈಯಲ್ಲಿ ತುಂಬಿದರು. ಅಧ್ಯಾಯಗಳೊಳಗೆ ಒಂದೊಂದೇ ಸೇರಿಸಲು ನಾಲ್ಕು ಸಂಜೆ ಹಿಡಿಯಿತು. ಕೊನೆಗೆ ಶೈಲಿ ಬದಲಿಸಿದಾಗ ಇಡೀ ಪಟ್ಟಿ ಕಣ್ಣೆದುರೇ ಮಗುಚಿತು. "ಅಯ್ಯೋ, ಇದನ್ನ ಮೊದಲೇ ಹೇಳ್ಬಾರ್ದಿತ್ತಾ ಸರ್?" ಅಂದಳು. ಹೇಳಿದ್ದೆ. ಕಾರ್ಯಾಗಾರದಲ್ಲಿ ಅವಳು ಮುಂದಿನ ಸಾಲಲ್ಲೇ ಕೂತಿದ್ದಳು.

ಅಂದಿನಿಂದ ಬುಧವಾರ ನಾಲ್ಕಕ್ಕೆ ಒಂದು ಮೇಜು. ಅವರವರ ಲ್ಯಾಪ್‌ಟಾಪ್, ಅವರವರ ತೊಡಕು. ಹೇಳಿಕೊಡೋದು ಸೀನಿಯರ್‌ಗಳು, ನಾನು ಸುಮ್ನೆ ಅಡ್ಡಾಡುತ್ತೇನೆ. "ಸರ್ಟಿಫಿಕೇಟ್ ಇಲ್ದೆ ಯಾರ್ರೀ ಬರ್ತಾರೆ?" ಅಂತ ಮೇಷ್ಟ್ರುಗಳು ನಕ್ಕಿದ್ದರು. ಮೊದಲ ವಾರ ಬಂದವರು ಇಬ್ಬರೇ, ಅದರಲ್ಲೊಬ್ಬ ವೈಫೈ ಪಾಸ್‌ವರ್ಡ್‌ಗೆ. ಈಗ ವಾರಕ್ಕೆ ಹನ್ನೆರಡು ಹದಿನೈದು ಜನ. ಜಾಸ್ತಿ ಪ್ರಶ್ನೆ ಥೀಸಿಸ್ ಬೇರೆ ಬರಹಗಳನ್ನು ಹೋಲುವುದಕ್ಕೆ ಯುಜಿಸಿ ಇಟ್ಟ ಶೇ 10ರ ಮಿತಿಯದ್ದೇ. ಖರ್ಚು ಚಹಾ-ಬಿಸ್ಕತ್ತಿಗೆ ಇನ್ನೂರು ರೂಪಾಯಿ. ನಕ್ಕವರಲ್ಲಿ ಒಬ್ಬರು ತಮ್ಮ ಮೂರು ಹುಡುಗರನ್ನು ತಾವೇ ಕರೆತಂದು ಬಿಟ್ಟುಹೋದರು. ಯಾರ ಪಕ್ಕ ಯಾರನ್ನು ಕೂರಿಸಬೇಕು ಅನ್ನೋದರಲ್ಲೇ ಎಲ್ಲ ಇದೆ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಕನ್ನಡ ವಿಭಾಗದವರದ್ದು ಬೇರೆಯೇ ಕಥೆ. ಒಬ್ಬನ ಥೀಸಿಸ್ ಪೂರ್ತಿ 'ನುಡಿ' ತಂತ್ರಾಂಶದ ಹಳೇ ಫಾಂಟ್‌ನಲ್ಲಿತ್ತು. ಯುನಿಕೋಡ್‌ಗೆ ತಿರುಗಿಸಿದರೆ ನಡುವಿನ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರವಾಗಿ ಕಲಸಿಹೋದವು. ಇಬ್ಬರು ಕೂತು ಪುಟ ಪುಟ ತಿದ್ದುತ್ತಿದ್ದಾರೆ. ಹೋದ ವಾರ ಮೂರನೇ ಅಧ್ಯಾಯದಲ್ಲಿದ್ದರು.