ಪದಕದ ಅಂಚನ್ನು ಉಜ್ಜಬೇಡಿ: ಲಡಾಯಿಗೆ ಹೋದ ಬ್ಯಾಂಡಿನ ಮುತ್ಯಾನನ್ನು ಹುಡುಕುವ ಬಗೆ

"ನಮ್ಮ ಮುತ್ಯಾ ಮಿಲ್ಟ್ರಿ ಬ್ಯಾಂಡಿನ್ಯಾಗ ಇದ್ದ, ದೊಡ್ಡ ಲಡಾಯಿಗೆ ಹೋಗಿ ಬಂದಾನ" ಎಂದು ಹೆಮ್ಮೆಯಿಂದ ಹೇಳುವ ಮನೆಗಳು ಬೆಳಗಾವಿ ಸೀಮೆಯಲ್ಲಿ ಬಹಳ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಇಲ್ಲೇ ಇದೆ. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದೂ 1941ರಲ್ಲಿ ಇದೇ ಊರಲ್ಲಿ. ಆದರೆ ಯಾವ ಲಡಾಯಿ, ಯಾವ ಪಲ್ಟನ್ನು, ಏನು ಬಾರಿಸುತ್ತಿದ್ದ ಎಂದು ಕೇಳಿದರೆ ಮಾತು ನಿಂತುಬಿಡುತ್ತದೆ. ಇಂಥ ಮನೆಗಳವರ ಜೊತೆ ಕೂತು ಕಾಗದ ಹುಡುಕುತ್ತ ನನಗೆ ಕೆಲವು ವರ್ಷಗಳಾದವು. ಬಹಳ ಜನ ಎಡವುವುದು ಒಂದೇ ಕಡೆ: ಹೆಸರು ಹಿಡಿದುಕೊಂಡು ಹೊರಡುತ್ತಾರೆ. ನಂಬರು ಮೊದಲು, ಊರು ಆಮೇಲೆ, ಹೆಸರು ಕೊನೆಗೆ. ಈ ಕ್ರಮ ಬಿಡಬೇಡಿ.

ಮೊದಲು ಮನೆಯೊಳಗೆ

ಟ್ರಂಕು, ದೇವರ ಜಗಲಿ, ನಾಗಂದಿಗೆ, ಹಳೇ ಫೋಟೊದ ಚೌಕಟ್ಟಿನ ಹಿಂಬದಿ, ಎಲ್ಲ ನೋಡಿ. ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಕಾಗದ, ಪದಕ ಸಿಕ್ಕರೆ ಅರ್ಧ ಕೆಲಸ ಆಯಿತು. ಹಳೇ ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಶಾಯಿ ಹರಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಹರಿದ ಕಡೆ ಅಂಟುಪಟ್ಟಿಯೂ ಬೇಡ. ಒಂದು ಫೋಟೊ ತೆಗೆದುಕೊಂಡು ಕಾಗದವನ್ನು ಬಟ್ಟೆಯಲ್ಲಿ ಸುತ್ತಿಡಿ, ಸಾಕು.

ಪದಕ: ಇಲ್ಲಿ ಅವಸರ ಮಾಡಬೇಡಿ

ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್‌ಗಳ ಅಂಚಿನ ಮೇಲೆ, ಅಂದರೆ ನಾಣ್ಯದ ದಪ್ಪ ಇರುವ ಜಾಗದಲ್ಲಿ, ಸೈನಿಕನ ನಂಬರು, ಹುದ್ದೆ, ಹೆಸರು, ಪಲ್ಟನ್ನು ಒತ್ತಿರುತ್ತಾರೆ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು, ಭಾರತದ ಸೈನಿಕರಿಗೆ ಮಾತ್ರ ಹೆಸರು ಒತ್ತಿಸಿಯೇ ಕೊಟ್ಟರು. ಆಫ್ರಿಕಾ ಸ್ಟಾರ್, ಬರ್ಮಾ ಸ್ಟಾರ್, ಇಟಲಿ ಸ್ಟಾರ್‌ಗಳಾದರೆ ನಕ್ಷತ್ರದ ಹಿಂಬದಿ ನೋಡಿ. ನಮ್ಮ ಮನೆಗಳಿಗೆ ಇದು ದೊಡ್ಡ ಭಾಗ್ಯ. ಅದನ್ನೇ ನಾವು ಕೈಯಾರೆ ಅಳಿಸುತ್ತೇವೆ. ಹಬ್ಬ ಬಂತೆಂದರೆ ದೇವರ ಸಾಮಾನಿನ ಜೊತೆ ಪದಕವನ್ನೂ ಸೇರಿಸಿ ವಿಭೂತಿ, ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕುತ್ತಾರೆ. ಐವತ್ತು ವರ್ಷ ತಿಕ್ಕಿದ ಅಂಚಿನಲ್ಲಿ ಉಳಿಯುವುದು ಹೊಳಪು ಒಂದೇ. ಅಂಗಡಿಯ ಪಾಲಿಶ್ ದ್ರವಗಳು ಇನ್ನೂ ಕೆಟ್ಟವು. ಪದಕ ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಓದುವ ಕ್ರಮ ಹೀಗೆ. ಕತ್ತಲೆ ಕೋಣೆಯಲ್ಲಿ ಪದಕವನ್ನು ಮೆತ್ತನೆ ಬಟ್ಟೆಯ ಮೇಲೆ ನಿಲ್ಲಿಸಿ. ಮೊಬೈಲಿನ ಬ್ಯಾಟರಿ ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ, ಅಂಚಿಗೆ ತಾಗಿ ಹಾಯುವಂತೆ ಹಿಡಿಯಿರಿ. ಸವೆದ ಅಕ್ಷರದ ತಗ್ಗಿನಲ್ಲಿ ನೆರಳು ಬಿದ್ದು ಅದು ಎದ್ದು ಕಾಣುತ್ತದೆ. ಸ್ವಲ್ಪ ಸ್ವಲ್ಪ ತಿರುಗಿಸುತ್ತ ಎಂಟು-ಹತ್ತು ಫೋಟೊ ತೆಗೆಯಿರಿ. ಕಂಡಷ್ಟನ್ನು ಕಂಡ ಹಾಗೆಯೇ ಬರೆದುಕೊಳ್ಳಿ, ಕಾಣದ ಅಕ್ಷರಕ್ಕೆ ಚುಕ್ಕೆ ಇಡಿ. ಊಹೆ ಮಾಡಿ ತುಂಬಿಸಿದ ಒಂದು ಅಂಕಿ ನಿಮ್ಮನ್ನು ಬೇರೆಯವರ ಮುತ್ಯಾನ ಮನೆಗೆ ಕರೆದೊಯ್ಯುತ್ತದೆ.

ಪಲ್ಟನ್ನಿನ ಹೆಸರು ಇಲ್ಲದ ನಂಬರು ನಂಬರೇ ಅಲ್ಲ. ಮೊದಲ ಯುದ್ಧದ ಕಾಲಕ್ಕೆ ಪ್ರತಿ ಪಲ್ಟನ್ನೂ ತನ್ನದೇ ಸಾಲಿನಲ್ಲಿ ನಂಬರು ಕೊಡುತ್ತಿತ್ತು. ಇನ್ನು 1922ರಲ್ಲಿ ಪಲ್ಟನ್ನುಗಳ ಹೆಸರೇ ಬದಲಾದವು. ಮರಾಠಾ ಪಲ್ಟನ್ನುಗಳಲ್ಲಿ ಹಳೇ 103ನೆಯದು 1/5, ಅಂದರೆ ಐದನೇ ಮರಾಠಾ ರೆಜಿಮೆಂಟಿನ ಮೊದಲ ಬೆಟಾಲಿಯನ್, ಆಯಿತು, 105 ಹೋಗಿ 2/5, 110 ಹೋಗಿ 3/5, 116 ಹೋಗಿ 4/5, 117 ಹೋಗಿ 5/5. ತರಬೇತಿಯ 10/5 ಮೊದಲು 114ನೆಯದಾಗಿತ್ತು. 1916ರ ಏಪ್ರಿಲ್ 29ರಂದು ಮೆಸೊಪೊಟೇಮಿಯಾದ (ಈಗಿನ ಇರಾಕ್) ಕುತ್‌ನಲ್ಲಿ ಮುತ್ತಿಗೆಗೆ ಸಿಕ್ಕು ಶರಣಾದ 110ನೆಯ ಪಲ್ಟನ್ನೂ, 1941ರಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡ ಹತ್ತಿದ 3/5 ಪಲ್ಟನ್ನೂ ಒಂದೇ. ತಂದೆ ಒಂದರಲ್ಲಿ, ಮಗ ಇನ್ನೊಂದರಲ್ಲಿ ಇದ್ದರು ಎಂದು ಮನೆಯವರು ಹೇಳುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಬೆಳ್ಳಿಯ ಪದಕ ಅಕ್ಕಸಾಲಿಗರ ಹತ್ತಿರ ಕರಗಿ ಕಾಲುಂಗುರ ಆಗಿದ್ದರೆ ಯಾರನ್ನೂ ಬಯ್ಯಬೇಡಿ. ಬರಗಾಲದಲ್ಲಿ ಮನೆ ನಡೆಸಿದವರು ಅವರೇ. ಡಿಸ್ಚಾರ್ಜ್ ಬುಕ್ಕಿನಲ್ಲಿ ನಂಬರು ನೋಡಿ.

ಊರು ಎಲ್ಲಿತ್ತು?

ಇವತ್ತಿನ ನಕಾಶೆ ಇಟ್ಟುಕೊಂಡು ಹುಡುಕಿದರೆ ಸಿಗುವುದಿಲ್ಲ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಬಾದಾಮಿ, ಹುನಗುಂದದವನು ಕಾಗದದಲ್ಲಿ ಬಿಜಾಪುರ ಜಿಲ್ಲೆಯವನೇ. ಜಮಖಂಡಿ, ಮುಧೋಳ, ರಾಮದುರ್ಗದವರು ಜಿಲ್ಲೆಯ ಹೆಸರಿನಲ್ಲಿ ಸಿಗುವುದೇ ಇಲ್ಲ, ಅವು ಬೇರೆ ಬೇರೆ ಸಂಸ್ಥಾನಗಳಾಗಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು, ಹಾಗಾಗಿ ಅಲ್ಲಿನವನು ಕೊಲ್ಲಾಪುರದ ರಾಜಾರಾಮ್ ರೈಫಲ್ಸ್‌ನಲ್ಲಿ ಇದ್ದಿರಬಹುದು. ಬೈಲಹೊಂಗಲ, ಕಿತ್ತೂರು ಕಡೆಯವರಿಗೆ ಸಂಪಗಾಂವ ತಾಲ್ಲೂಕು ಎಂದೂ, ಸವದತ್ತಿ ಕಡೆಯವರಿಗೆ ಪರಸಗಡ ತಾಲ್ಲೂಕು ಎಂದೂ ಬರೆದಿರುತ್ತಾರೆ. ಬಾಗೇವಾಡಿ ಎಂದು ಕಂಡರೆ ಅಲ್ಲೇ ನಿಲ್ಲಿ: ಹಿರೇಬಾಗೇವಾಡಿ ಬೆಳಗಾವಿಯದು, ಬಸವನಬಾಗೇವಾಡಿ ವಿಜಯಪುರದ್ದು. ಹಳೇ ಊರು-ತಾಲ್ಲೂಕುಗಳ ಗೊಂದಲಕ್ಕೆ 1884ರ ಬೊಂಬಾಯಿ ಗೆಜೆಟಿಯರ್ ನೋಡಿ. ಬೆಳಗಾವಿಗೆ 21ನೆಯ ಸಂಪುಟ, ಬಿಜಾಪುರಕ್ಕೆ 23ನೆಯದು.

ಈಗ ಹೆಸರು

ಕನ್ನಡದ ಹೆಸರನ್ನು ಮರಾಠಿ ಬಲ್ಲ ಕಾರಕೂನ ಕೇಳಿ, ಇಂಗ್ಲಿಷ್ ಬಲ್ಲ ಕಾರಕೂನ ಬರೆದದ್ದು ಎಂದುಕೊಂಡೇ ಹುಡುಕಿ. ಯಲ್ಲಪ್ಪ ಯಲಪಾ ಆಗಿರುತ್ತಾನೆ, ಎಲಾಪಾ ಆಗಿರುತ್ತಾನೆ. ಭಜಂತ್ರಿ ಎಂಬ ಅಡ್ಡಹೆಸರು ಬಿಟ್ಟುಹೋಗಿ ಊರಿನ ಹೆಸರಿಗೆ 'ಕರ' ಸೇರಿರುತ್ತದೆ, ಇಲ್ಲವೇ ಅಡ್ಡಹೆಸರೇ ಇರುವುದಿಲ್ಲ. ಮೂರು ಪದದ ಹೆಸರಿದ್ದರೆ ನಡುವಿನದು ತಂದೆಯದು. ಬೊಂಬಾಯಿ ಪ್ರಾಂತದ ಈ ರೂಢಿಯಿಂದ ನಿಮಗೆ ಇನ್ನೊಂದು ತಲೆಮಾರು ಕೂತಲ್ಲೇ ಸಿಕ್ಕಂತೆ.

ತೀರಿಕೊಂಡ ಸೈನಿಕರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ ಇದೆ, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ತೀರಿಕೊಂಡವರು ಮಾತ್ರ ಇದ್ದಾರೆ. ಮನೆಗೆ ಬಂದು ಮುಪ್ಪಿನಲ್ಲಿ ತೀರಿಕೊಂಡ ಮುತ್ಯಾನನ್ನು ಅಲ್ಲಿ ಹುಡುಕಿ ಸಿಗಲಿಲ್ಲವೆಂದು ಅಳಬೇಡಿ. ನಮ್ಮವರ ಪೂರ್ತಿ ಹೆಸರನ್ನು ಅಡ್ಡಹೆಸರಿನ ಖಾನೆಯಲ್ಲೇ ತುಂಬಿರುವುದು ಹೆಚ್ಚು. ಹಾಗಾಗಿ ಆ ಒಂದೇ ಖಾನೆಯಲ್ಲಿ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ ಹಾಕಿ, ರೆಜಿಮೆಂಟು ಆರಿಸಿ, ಒಂದೊಂದೇ ನೋಡಿ. ಎರಡನೇ ಯುದ್ಧದವರಾದರೆ ಕೆಳಗೆ 'ಇಂಥವರ ಮಗ, ಇಂಥ ಊರು' ಎಂದು ಬರೆದಿರುವುದೂ ಉಂಟು. ಇರಾಕಿನಲ್ಲಿ ಮೊದಲ ಯುದ್ಧದಲ್ಲಿ ಸತ್ತವರ ನೆನಪಿಗಿರುವ ಬಸ್ರಾ ಸ್ಮಾರಕದ ಗೋಡೆಯಲ್ಲಿ ಭಾರತದ ಅಧಿಕಾರಿಗಳ ಹೆಸರು ಕೆತ್ತಿದರು, ಸಾಮಾನ್ಯ ಸಿಪಾಯಿಗಳ ಲೆಕ್ಕವನ್ನಷ್ಟೇ ಬರೆದರು. ಈ ಮಾತು ನನ್ನನ್ನು ಈಗಲೂ ನೋಯಿಸುತ್ತದೆ. ಮೊದಲ ಯುದ್ಧದ ಪದಕದ ಕಾರ್ಡುಗಳು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯುಒ 372 ಸಾಲಿನಲ್ಲಿವೆ, ಭಾರತದ ಸೈನ್ಯದವರದೂ ಇವೆ.

ದುಡ್ಡು ಕೊಟ್ಟರೆ ವಂಶವೃಕ್ಷ ಬರೆದುಕೊಡುವ ಆ್ಯಪುಗಳನ್ನು ನಂಬಬೇಡಿ. ಒಂದೇ ಹೆಸರಿನ ನಾಲ್ಕು ಮಂದಿಯನ್ನು ಒಂದೇ ಮನೆಗೆ ಸೇರಿಸಿಬಿಡುತ್ತವೆ. "ರೆಕಾರ್ಡ್ ತೆಗಿಸಿಕೊಡ್ತೀನಿ" ಎಂದು ಮುಂಗಡ ಕೇಳುವವರೂ ಬೇಡ. ನಂಬರು, ಹುದ್ದೆ, ಹೆಸರು, ಪಲ್ಟನ್ನು, ಊರು, ನಿಮ್ಮ ಸಂಬಂಧ ಬರೆದು, ವಂಶಾವಳಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ನೀವೇ ಅರ್ಜಿ ಕಳಿಸಿ.

ಹೆಳವರು ಬಂದಾಗ

ಸುಗ್ಗಿ ಮುಗಿದ ಮೇಲೆ ಎತ್ತು ಕಟ್ಟಿಕೊಂಡು, ಗಂಟೆ ಬಾರಿಸುತ್ತ ಬಂದು ಮನೆಮನೆಯ ವಂಶಾವಳಿ ಹೇಳುವ ಹೆಳವರ ಹತ್ತಿರ ನಿಮ್ಮ ಮನೆತನದ ಸಾಲು ಇದ್ದರೆ ಯಾವ ಕಚೇರಿಯೂ ಅದಕ್ಕೆ ಸಮ ಅಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾಳು ಕೊಟ್ಟು ಬಾಗಿಲಿಂದಲೇ ಕಳಿಸಬೇಡಿ. ಕೂಡಿಸಿ, ಊಟ ಹಾಕಿ, ಪೂರ್ತಿ ಹೇಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಗಂಡುಸಂತಾನದ ಸಾಲೇ ಹೆಚ್ಚಾಗಿ ಬರುವುದರಿಂದ ಹೆಣ್ಣುಮಕ್ಕಳ ಹೆಸರುಗಳನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಪಕ್ಕದಲ್ಲೇ ಬರೆದುಕೊಳ್ಳಿ.

ಏನು ಬಾರಿಸುತ್ತಿದ್ದ?

ಫೋಟೊದಲ್ಲಿ ಟೋಪಿಯ ಮೇಲೆ ಕಹಳೆಯ ಚಿಹ್ನೆ ಕಂಡ ತಕ್ಷಣ "ಮುತ್ಯಾ ಬ್ಯೂಗಲ್ ಊದತಿದ್ದ" ಎಂದುಬಿಡುತ್ತಾರೆ. ಕಹಳೆ ಲೈಟ್ ಇನ್‌ಫೆಂಟ್ರಿಯ ಗುರುತು, ಪಲ್ಟನ್ನಿನ ಪ್ರತಿಯೊಬ್ಬನ ಟೋಪಿಯಲ್ಲೂ ಅದೇ ಇರುತ್ತದೆ. ತೋಳಿನ ಮೇಲಿನ ಬಿಲ್ಲೆ ನೋಡಿ. "ಬಾಜಾ ಬಾರಸಾಂವ, ಲಡಾಯಿ ಮಾಡಾಂವ ಅಲ್ಲ" ಎಂಬ ಮಾತನ್ನೂ ಬಿಡಿ. ಯುದ್ಧ ಶುರುವಾದರೆ ಬ್ಯಾಂಡಿನವರು ವಾದ್ಯ ಇಟ್ಟು ಸ್ಟ್ರೆಚರ್ ಹಿಡಿಯುತ್ತಿದ್ದರು. ಗುಂಡಿನ ನಡುವೆ ಹೋಗಿ ಗಾಯಗೊಂಡವರನ್ನು ಹೊತ್ತು ತರುತ್ತಿದ್ದವರು ಅವರೇ.

ಮನೆಯಲ್ಲಿ ಯಾರಿಗಾದರೂ ಅವನ ಧಾಟಿ ನೆನಪಿದ್ದರೆ ಗುನುಗಲು ಹೇಳಿ. ಬ್ಯೂಗಲ್ಲಿಗೆ ಕೀಲಿಗಳಿಲ್ಲ, ತುಟಿಯ ಬಿಗಿಯಿಂದ ಹೊರಡುವ ಐದೇ ಸ್ವರ. ನಮ್ಮ ಲೆಕ್ಕದಲ್ಲಿ ಅವೆಲ್ಲ ಸ, ಗ, ಪ ಇಷ್ಟರೊಳಗೇ, ಮೇಲೆ ಕೆಳಗೆ. ಸವದತ್ತಿ ಕಡೆಯ ಒಂದು ಮನೆಯಲ್ಲಿ ಪದಕದ ಅಂಚು ಸವೆದು ಹುದ್ದೆಯ ಜಾಗದಲ್ಲಿ ಇಂಗ್ಲಿಷಿನ 'ಬಿ' ಒಂದೇ ಉಳಿದಿತ್ತು. ಬ್ಯೂಗ್ಲರೂ 'ಬಿ', ಬ್ಯಾಂಡ್ಸ್‌ಮನ್ನೂ 'ಬಿ'. ಅವನ ಮಗಳು, ಎಂಬತ್ತು ದಾಟಿದ ಆಯಿ, ಅಪ್ಪ ಸಂಜೆ ಕಟ್ಟೆಯ ಮೇಲೆ ಕೂತು ಶಿಳ್ಳೆ ಹಾಕುತ್ತಿದ್ದ ಧಾಟಿಯನ್ನು ಎರಡು ಸಲ ಗುನುಗಿದರು. ಅದರಲ್ಲಿ ರಿ ಇತ್ತು, ಮ ಇತ್ತು. ಬ್ಯಾಂಡ್ಸ್‌ಮನ್ ಎಂದು ಬರೆದು ಅರ್ಜಿ ಹಾಕಿದೆವು. ಆ ಸಂಜೆಯೇ ಮೊಮ್ಮಗ ನಾಗಂದಿಗೆಯಿಂದ ಒಂದು ಗಂಟು ಇಳಿಸಿದ. ಮಕ್ಕಳು ಪೀಪಿ ಎಂದು ಆಡುತ್ತಿದ್ದ ಕರೀ ತುಂಡೊಂದು ಅದರಲ್ಲಿತ್ತು: ಕ್ಲಾರಿಯೊನೆಟ್ಟಿನ ಬಾಯಿತುಂಡು.